ಎರಡು ದೇಶಗಳಿಗೆ ಒಂದೇ ಗಂಟಲು

ಕಳೆದ ತಿಂಗಳು ಸಿರುಗುಪ್ಪದಲ್ಲಿ ತೀರಿಕೊಂಡ ಆ ಮನುಷ್ಯನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ. ಹೆಸರು ಹಿಡಿದು ಕೇಳಿದರೆ ಅವರ ಓಣಿಯವರೇ ‘ಯಾರ್ರಿ ಅದು?’ ಎನ್ನುತ್ತಿದ್ದರು. ದನಿ ಕೇಳಿಸಿದರೆ ಮಾತ್ರ ಸಿರುಗುಪ್ಪದಿಂದ ಬಳ್ಳಾರಿಯವರೆಗೆ ರೊಟ್ಟಿ ಬಡಿಯುವ ಹೆಂಗಸರು ಕೂಡ ಕೈ ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದರು. ಆಟೋದ ತಲೆಯ ಮೇಲೆ ಹಾರ್ನ್ ಕಟ್ಟಿಕೊಂಡು ಊರೂರು ತಿರುಗಿ ಮೈಕಿನಲ್ಲಿ ಪ್ರಚಾರ ಮಾಡುವುದು ಅವರ ಕಸುಬು. ನಾಳೆ ನಳದಲ್ಲಿ ನೀರು ಬರುವುದಿಲ್ಲ, ಜೀನ್ಸ್ ಪ್ಯಾಂಟು ಅಗ್ಗದಲ್ಲಿ ಮಾರಾಟಕ್ಕಿದೆ, ಇಂಥವರು ಶಿವಾಧೀನರಾಗಿದ್ದಾರೆ, ಕೆಂಪು ಅಂಗಿಯ ಮಗುವೊಂದು ಬಸ್ ಸ್ಟ್ಯಾಂಡಿನಲ್ಲಿ ಅಳುತ್ತ ನಿಂತಿದೆ. ಊರಿಗೆ ಏನು ತಿಳಿಯಬೇಕಾದರೂ ಅದು ಅವರ ಬಾಯಿಂದಲೇ ತಿಳಿಯುತ್ತಿತ್ತು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು.

ಮೊದಲ ಸಲ ನೋಡಿದವರಿಗೆ ನಿರಾಸೆಯಾಗುವಂಥ ಆಳು. ಗಿಡ್ಡ, ಸಣಕಲು. ಹೆಗಲ ಮೇಲೊಂದು ಟವೆಲ್ಲು. ಮೈಕ್ ಇಲ್ಲದಿದ್ದರೆ ಅವರ ಮಾತು ಪಕ್ಕದವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಹೋಟೆಲಿನಲ್ಲಿ ನೀರು ಕೇಳಿದರೆ ಮಾಣಿ ‘ಆಂ?’ ಎಂದು ಕಿವಿ ಕೊಡಬೇಕು. ಅದೇ ಬಾಯಿಗೆ ಮೈಕ್ ಹಿಡಿದರೆ ಎಲ್ಲಿಂದಲೋ ಗುಡುಗು ಬರುತ್ತಿತ್ತು. ಇಷ್ಟು ದೊಡ್ಡ ದನಿಯನ್ನು ಇಷ್ಟು ಸಣ್ಣ ಮೈಯಲ್ಲಿ ಹೇಗೆ ಮಡಚಿಟ್ಟುಕೊಂಡಿದ್ದಾರೋ ಎಂದು ನಾನು ಎಷ್ಟೋ ಸಲ ಬೆರಗಾಗಿದ್ದೇನೆ. ಶುರು ಮಾಡುವ ಮುಂಚೆ ಟವೆಲಿನ ಅಂಚಿನಿಂದ ತುಟಿ ಒರೆಸಿಕೊಂಡು, ಎಡಗಿವಿಯನ್ನು ಒಂದು ಬೆರಳಿನಿಂದ ಮುಚ್ಚಿ, ‘ಮಹಾಜನರೇ’ ಎಂದು ಎಳೆಯುವರು. ಕೆಲಸವಿದ್ದ ದಿನ ಗಂಟಲು ಕೆಟ್ಟೀತೆಂದು ಮಿರ್ಚಿ ಮುಟ್ಟುತ್ತಿರಲಿಲ್ಲ. ಬಳ್ಳಾರಿ ಸೀಮೆಯಲ್ಲಿ ಮಂಡಕ್ಕಿ ವಗ್ಗರಣೆಯನ್ನು ಮಿರ್ಚಿಯಿಲ್ಲದೆ ತಿನ್ನುವುದೆಂದರೆ ಅರ್ಧ ಸನ್ಯಾಸ.

ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರಿಗೂ ಅವರೇ ಬೇಕು. ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನ ಇನ್ನೊಂದು. ಆಟೋ ಓಡಿಸುವ ಮಾಬು ಹುಣಸೆ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಬಾವುಟ ಬದಲಿಸುವನು. ಒಂದು ಸಲ ಬಾವುಟ ಬದಲಿಸುವುದನ್ನೇ ಮರೆತು, ಒಬ್ಬರ ಬಾವುಟ ಹಾರಿಸುತ್ತ ಇನ್ನೊಬ್ಬರಿಗೆ ಮತ ಕೇಳಿಕೊಂಡು ಕುರುಗೋಡು ಪೂರ್ತಿ ಸುತ್ತಿ ಬಂದರು. ಯಾರೂ ಆಕ್ಷೇಪಿಸಲಿಲ್ಲ. ‘ನಿಮಗೆ ಬೇಜಾರಾಗಲ್ಲೇನಣ್ಣಾ, ಬೆಳಿಗ್ಗಿ ಹೊಗಳಿದೋರನ್ನ ಸಂಜೀಕ ಬೈಯಾಕ?’ ಎಂದು ನಾನು ಕೇಳಿದ್ದಕ್ಕೆ ಅವರು ಸಣ್ಣ ದನಿಯಲ್ಲಿ ಹೇಳಿದ್ದರು: ‘ಬಾಯಿ ನಂದು ತಮ್ಮಾ, ಮಾತು ಅವರ್ದು. ಬಾಡಿಗಿ ಮನ್ಯಾಗ ಯಾರು ಜಗಳಾಡಿದ್ರೂ ಗ್ವಾಡಿ ತಪ್ಪೇನೈತಿ?’

ನನಗೂ ಅವರಿಗೂ ಗಂಟು ಬಿದ್ದದ್ದು ನನ್ನ ರೆಕಾರ್ಡಿಂಗ್ ಕೋಣೆಯಿಂದ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬ್ರಿಟಿಷರ ಕಾಲದ ಕುದುರೆ ಲಾಯವೊಂದನ್ನು ಬಾಡಿಗೆಗೆ ಹಿಡಿದು ಸ್ಟುಡಿಯೋ ಮಾಡಿಕೊಂಡಿದ್ದೇನೆ. ಗೋಡೆ ದಪ್ಪ, ಹೊರಗಿನ ಸದ್ದು ಒಳಗೆ ಬರುವುದಿಲ್ಲ. ಮದುವೆ ವಿಡಿಯೋ, ಅಂಗಡಿ ಜಾಹೀರಾತು, ಭಜನೆ ಇಷ್ಟೇ ನನ್ನ ಪ್ರಪಂಚ. ಅಲ್ಲಿಗೆ ಯುದ್ಧ ಬಂತು.

ಯಾವ ಯುದ್ಧ ಎಂದು ಹೇಳುವುದಿಲ್ಲ. ಓದುವವರು ತಮಗೆ ಬೇಕಾದ್ದನ್ನು ಹಾಕಿಕೊಳ್ಳಬಹುದು, ಈಗೇನೂ ಕೊರತೆಯಿಲ್ಲ. ದೂರದ ಎರಡು ದೇಶಗಳು ಹೊಡೆದಾಡುತ್ತಿದ್ದವು. ನಮ್ಮ ದೇಶ ಯಾರ ಕಡೆಗೂ ಇಲ್ಲವೆಂದು ಹೇಳಿತು. ಯಾರ ಕಡೆಗೂ ಇಲ್ಲದವರ ಮೇಲೆ ಎಲ್ಲರಿಗೂ ಆಸೆ. ಎರಡೂ ದೇಶದವರು ನಮ್ಮ ಜನರ ಮನಸ್ಸು ಗೆಲ್ಲಬೇಕೆಂದು ಹೊರಟರು. ದೆಹಲಿಯಲ್ಲಿ ಏನೇನು ಮಾಡಿದರೋ ನನಗೆ ಗೊತ್ತಿಲ್ಲ. ಆ ಹೊಳೆ ಹರಿದು ಕಾಲುವೆಯಾಗಿ, ಕಾಲುವೆ ಹನಿಯಾಗಿ ಕೊನೆಗೆ ನನ್ನ ಕುದುರೆ ಲಾಯಕ್ಕೂ ತಲುಪಿತು. ಬೆಂಗಳೂರಿನ ಜಾಹೀರಾತು ಕಂಪನಿಯೊಂದು ಫೋನ್ ಮಾಡಿ, ‘ಚಿಕ್ಕ ಚಿಕ್ಕ ವಿಡಿಯೋ ಇವೆ, ಕನ್ನಡದಲ್ಲಿ ದನಿ ಬೇಕು. ಹಳ್ಳಿ ಜನ ನಂಬುವಂಥ ದನಿ’ ಎಂದಿತು. ಅಂಥ ದನಿ ನನಗೆ ಗೊತ್ತಿದ್ದದ್ದು ಒಂದೇ. ಸ್ವಲ್ಪ ದಿನಕ್ಕೆ ಹೈದರಾಬಾದಿನ ಇನ್ನೊಂದು ಕಂಪನಿ ಎದುರು ದೇಶದ ಪರವಾಗಿ ಫೋನ್ ಮಾಡಿತು. ಅವರೂ ಅದೇ ಮಾತು ಹೇಳಿದರು. ನನಗೆ ಗೊತ್ತಿದ್ದ ದನಿಯೂ ಅದೇ.

‘ಇಬ್ಬರದೂ ಮಾಡಬಹುದಾ ಅಣ್ಣಾ?’

‘ಯಾಕ ಮಾಡಬಾರದು? ಎಲೆಕ್ಷನ್ ಇದ್ದಂಗ’ ಎಂದರು.

ಆ ದೇಶಗಳ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. ಮೊಬೈಲಿನಲ್ಲಿ ನಕ್ಷೆ ತೋರಿಸಿದೆ. ಬೆಂಗಳೂರಿನ ಕಂಪನಿಯ ದೇಶ ಮೇಲಿತ್ತು, ಹೈದರಾಬಾದಿನವರದು ಕೆಳಗಿತ್ತು. ಅಂದಿನಿಂದ ನಮ್ಮ ಬಾಯಲ್ಲಿ, ಬರಬರುತ್ತ ಊರಿನವರ ಬಾಯಲ್ಲೂ, ಅವರು ಮೇಲಿನೋರು, ಕೆಳಗಿನೋರು ಆದರು.

ಮೇಲಿನೋರ ವಿಡಿಯೋದಲ್ಲಿ ಒಬ್ಬ ಸೈನಿಕ ಆಕಳ ಕುತ್ತಿಗೆ ತುರಿಸುತ್ತಿದ್ದ. ನಮಗೂ ನಿಮಗೂ ಗೋವೇ ತಾಯಿ ಎಂಬ ಅರ್ಥದ ಮಾತು. ಕೆಳಗಿನೋರ ವಿಡಿಯೋದಲ್ಲಿ ಅಜ್ಜಿಯೊಬ್ಬಳು ರೊಟ್ಟಿಯಂಥದನ್ನು ಬೇಯಿಸುತ್ತಿದ್ದಳು. ರೊಟ್ಟಿ ತಿನ್ನುವವರೆಲ್ಲ ಅಣ್ಣತಮ್ಮಂದಿರು. ಮರುವಾರ ಮೇಲಿನೋರೂ ರೊಟ್ಟಿ ತೋರಿಸಿದರು, ಕೆಳಗಿನೋರು ಎಮ್ಮೆ ತೋರಿಸಿದರು. ಕನ್ನಡವನ್ನು ಯಾವುದೋ ಯಂತ್ರ ಮಾಡಿ ಕಳಿಸುತ್ತಿತ್ತು. ‘ನಮ್ಮ ಹೃದಯವು ನಿಮ್ಮ ಹೃದಯದ ಕೈಯನ್ನು ಕುಲುಕುತ್ತದೆ’ ಎಂಬ ಸಾಲು ಬಂದಾಗ ಅಣ್ಣ ಕನ್ನಡಕ ತೆಗೆದರು.

‘ಎದಿಗೆ ಕೈ ಎಲ್ಲಿ ಹುಟ್ಟ್ಯಾವ ತಮ್ಮಾ?’

‘ಹೆಂಗರ ಓದಿಬಿಡ್ರಣ್ಣಾ.’

ಓದಿದರು. ಅವರ ದನಿಯಲ್ಲಿ ಎದೆಗೂ ಕೈ ಇರುವುದು ಸಹಜವೇ ಅನ್ನಿಸಿತು. ಆ ಸಾಲನ್ನು ಕೇಳಿ ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲರೊಬ್ಬರು ಕಣ್ಣೊರೆಸಿಕೊಂಡರಂತೆ.

ವಾಟ್ಸಾಪಿನಲ್ಲಿ ಎರಡೂ ಕಡೆಯ ವಿಡಿಯೋಗಳು ಊರು ತುಂಬ ಹರಿದಾಡಿದವು. ಬೆಳಿಗ್ಗೆ ‘ಮೇಲಿನವರ ಮಾತನ್ನು ನಂಬಬೇಡಿ’, ಸಂಜೆ ‘ಕೆಳಗಿನವರ ಮಾತನ್ನು ನಂಬಬೇಡಿ’. ದನಿ ಒಂದೇ. ಕುರುಗೋಡು ಬಸ್ ಸ್ಟ್ಯಾಂಡಿನ ಚಹದಂಗಡಿಯಲ್ಲಿ ಕೂತ ಹಿರಿಯರು ಇದಕ್ಕೊಂದು ಅರ್ಥ ಕಟ್ಟಿಕೊಂಡರು. ಇಬ್ಬರಿಗೂ ಮೈಕಿನವನು ಒಬ್ಬನೇ ಎಂದಮೇಲೆ ಇದು ಯುದ್ಧವಲ್ಲ, ಅಣ್ಣತಮ್ಮಂದಿರ ಪಾಲಿನ ಜಗಳ. ಅಣ್ಣನ ಆಟೋ ಅಲ್ಲಿ ನಿಂತರೆ ಸಾಕು, ಕೇಳುತ್ತಿದ್ದರು: ‘ಯುದ್ಧ ಯಾವಾಗ ಮುಗಸ್ತೀಯಪಾ?’ ಅಣ್ಣ ಮೆಲ್ಲಗೆ ‘ಇನ್ನೂ ಸ್ವಲ್ಪ ವಿಡಿಯೋ ಅದಾವ್ರಿ’ ಎನ್ನುವರು.

ಗುಟ್ಟು ಬಹಳ ದಿನ ಉಳಿಯಲಿಲ್ಲ. ಎದುರಿನವರಿಗೂ ಇದೇ ಮನುಷ್ಯ ದನಿ ಕೊಡುತ್ತಾನೆಂದು ಎರಡೂ ಕಡೆಯವರಿಗೆ ತಿಳಿಯಿತು. ಇಬ್ಬರೂ ಕೆಲಸ ಕಿತ್ತುಕೊಳ್ಳುತ್ತಾರೆಂದು ನಾನು ಹೆದರಿದ್ದೆ. ಆದದ್ದೇ ಬೇರೆ. ಎದುರಿನವರು ಇವರನ್ನು ಇಟ್ಟುಕೊಂಡಿದ್ದಾರೆಂದರೆ ಇವರು ಬಹಳ ದೊಡ್ಡವರೇ ಇರಬೇಕೆಂದು ಇಬ್ಬರೂ ತೀರ್ಮಾನಿಸಿದರು. ಅಣ್ಣನನ್ನು ತಮ್ಮೊಬ್ಬರಿಗೇ ಒಲಿಸಿಕೊಳ್ಳಲು ದೇಶಗಳೇ ಬಳ್ಳಾರಿಗೆ ಬಂದಿಳಿದವು.

ಮೇಲಿನೋರ ಕಡೆಯಿಂದ ಬಂದವನು ಎತ್ತರದ ಮನುಷ್ಯ. ಖಾದಿ ಜುಬ್ಬಾ ತೊಟ್ಟು, ಕಂಡಕಂಡವರಿಗೆಲ್ಲ ಕೈ ಮುಗಿಯುತ್ತಿದ್ದ. ಹೋಟೆಲಿನ ಲಿಫ್ಟಿಗೂ ಒಮ್ಮೆ ಮುಗಿದದ್ದನ್ನು ಮಾಬು ನೋಡಿದ್ದಾನೆ. ಕೆಳಗಿನೋರ ಕಡೆಯಿಂದ ಬಂದವಳು ಒಬ್ಬ ಹೆಂಗಸು. ಬೆಂಗಳೂರಿನಲ್ಲಿ ಕನ್ನಡ ಕಲಿತಿದ್ದಳು.

‘ತಾವು ಚೆನ್ನಾಗಿದ್ದೀರಾ?’ ಎಂದಳು.

‘ಅದೀನ್ರಿ, ನೀವ್ ಹೆಂಗದೀರಿ?’ ಎಂದರು ಅಣ್ಣ.

ಆಕೆ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿದೆ.

ಉಡುಗೊರೆಗಳು ಬಂದವು. ಮೇಲಿನೋರು ಕೊಟ್ಟದ್ದು ಮೊಣಕಾಲು ಮುಟ್ಟುವ ಉಣ್ಣೆಯ ಕೋಟು, ತುಪ್ಪಳದ ಕಾಲರು ಬೇರೆ. ಅವರ ದೇಶದಲ್ಲಿ ಅದು ದೊಡ್ಡ ಗೌರವವಂತೆ. ಸಿರುಗುಪ್ಪದ ಏಪ್ರಿಲ್ ತಿಂಗಳಿನಲ್ಲಿ ಅದನ್ನು ನೋಡಿದರೇ ಬೆವರು ಬರುತ್ತಿತ್ತು. ಕೆಳಗಿನೋರು ತಮ್ಮ ದೇಶದ ಸಮಯ ತೋರಿಸುವ ಗೋಡೆ ಗಡಿಯಾರ ಕೊಟ್ಟರು. ನಾವೆಲ್ಲ ಅಕ್ಕ ಎನ್ನುತ್ತಿದ್ದ ಅಣ್ಣನ ಹೆಂಡತಿ ಅದನ್ನು ಅಡುಗೆಮನೆಯಲ್ಲಿ ತೂಗುಹಾಕಿದರು. ಅದನ್ನು ನೋಡಿ ಅಡುಗೆಗಿಟ್ಟು ಮಧ್ಯಾಹ್ನದ ಊಟ ಸಂಜೆಗೆ ಹೋಯಿತು. ಕೋಟನ್ನೇನು ಮಾಡುವುದೆಂದು ತಿಳಿಯದೆ ಅಕ್ಕ ತಮ್ಮ ತುಂಡು ಗದ್ದೆಯ ಬೆದರುಬೊಂಬೆಗೆ ತೊಡಿಸಿದರು. ಭತ್ತಕ್ಕೆ ಬರುವ ಗುಬ್ಬಿಗಳು ಒಂದೆರಡು ದಿನ ನಿಜಕ್ಕೂ ಹೆದರಿದವು.

ಕೆಳಗಿನೋರ ಹೆಂಗಸು ದಾರಿಯಲ್ಲಿ ಅದನ್ನು ಕಂಡಳು. ಕಾರು ನಿಲ್ಲಿಸಿ ಫೋಟೋ ತೆಗೆದಳು. ಶತ್ರುದೇಶದ ಗೌರವದ ಕೋಟನ್ನು ಬೆದರುಬೊಂಬೆಗೆ ತೊಡಿಸಿದ್ದಾರೆಂದರೆ ಅಣ್ಣ ತಮ್ಮ ಕಡೆ ಒಲಿದರೆಂದೇ ಆಕೆಯ ಲೆಕ್ಕ. ಫೋಟೋ ದೆಹಲಿಗೆ ಹೋಗಿ, ಅಲ್ಲಿಂದ ಹೇಗೋ ಮೇಲಿನೋರ ಕೈಗೂ ಬಿತ್ತು. ಮೇಲಿನೋರ ಎತ್ತರದ ಮನುಷ್ಯ ನನಗೆ ಫೋನ್ ಮಾಡಿ ಬಹಳ ನೊಂದುಕೊಂಡ. ಅಣ್ಣ ಯೋಚಿಸಿ, ಸಮ ಮಾಡಲು ಕೆಳಗಿನೋರು ಕೊಟ್ಟ ಗಡಿಯಾರವನ್ನು ತಂದು ಬೊಂಬೆಯ ಕೊರಳಿಗೆ ಕಟ್ಟಿದರು. ‘ಈಗ ಇಬ್ಬರದೂ ಆತು’ ಎಂದರು. ಅಕ್ಕನಿಗೆ ಅಡುಗೆಯ ಹೊತ್ತು ಮತ್ತೆ ಸರಿಹೋಯಿತು.

ಊಟದ ಕತೆ ಹೇಳಲೇಬೇಕು. ಮೇಲಿನೋರ ಎತ್ತರದ ಮನುಷ್ಯನನ್ನು ಅಣ್ಣ ಮನೆಗೆ ಊಟಕ್ಕೆ ಕರೆದಿದ್ದರು. ನಾನೂ ಇದ್ದೆ. ಅವನು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಲು ಹೆಣಗುತ್ತಿರುವಾಗ ಹೇಳದೆ ಕೇಳದೆ ಕೆಳಗಿನೋರ ಹೆಂಗಸು ಹಿತ್ತಲ ಬಾಗಿಲಿಗೇ ಬಂದಳು. ಬಂದವರನ್ನು ಉಣ್ಣಿಸದೆ ಕಳಿಸುವ ಮನೆಯಲ್ಲ ಅದು. ಅಕ್ಕ ಆಕೆಯನ್ನು ಹಿತ್ತಲಲ್ಲಿ ಬೇವಿನ ನೆರಳಿಗೆ ಕೂಡಿಸಿ, ಒಂದೇ ಬುಟ್ಟಿಯ ರೊಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಓಡಾಡಿ ಬಡಿಸಿದರು. ನಡುವೆ ಅಣ್ಣ ಬಾಗಿಲಿಗೆ ಅಡ್ಡ ನಿಂತು ಇತ್ತ ನಕ್ಕು ಅತ್ತ ನಗುತ್ತಿದ್ದರು.

‘ಒಳಗೆ ಯಾರೋ ಇದ್ದಾರೆಯೇ?’ ಎಂದು ಹಿತ್ತಲಿನಿಂದ ಕೇಳಿತು.

‘ನಮ್ಮ ಬೀಗರ್ರಿ’ ಎಂದರು ಅಣ್ಣ.

ಕೆಟ್ಟದ್ದು ಕೆಂಪು ಚಟ್ನಿಯಿಂದ. ನಮ್ಮ ಮೆಣಸಿನಕಾಯಿ ಯಾರ ಕಡೆಗೂ ಇರುವುದಿಲ್ಲ. ಪಡಸಾಲೆಯಲ್ಲಿ ಒಬ್ಬ, ಹಿತ್ತಲಲ್ಲಿ ಒಬ್ಬಳು ಒಟ್ಟಿಗೇ ಕೆಮ್ಮುತ್ತ ಎದ್ದರು. ನೀರಿನ ಹರವಿ ಇದ್ದದ್ದು ನಡುಮನೆಯಲ್ಲಿ. ಅಣ್ಣನನ್ನು ತಳ್ಳಿಕೊಂಡು ಇಬ್ಬರೂ ಅಲ್ಲಿಗೇ ಓಡಿಬಂದರು. ಮೂಗು ಕಣ್ಣಲ್ಲೆಲ್ಲ ನೀರು. ಇದ್ದದ್ದು ಒಂದೇ ತಂಬಿಗೆ. ಎತ್ತರದ ಮನುಷ್ಯ ಅದನ್ನು ತುಂಬಿ ಮೊದಲು ಆಕೆಗೆ ಕೊಟ್ಟ. ಆಕೆ ಕುಡಿದು, ತುಂಬಿ, ಅವನಿಗೆ ಕೊಟ್ಟಳು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿ, ತಂಬಿಗೆ ಕೆಳಗಿಟ್ಟು, ಬೇರೆ ಬೇರೆ ಬಾಗಿಲಿನಿಂದ ಹೊರಟುಹೋದರು. ಅಕ್ಕ ಮಾತ್ರ ‘ಮೊಸರನ್ನ ಉಳೀತಲ್ಲ’ ಎಂದು ಪೇಚಾಡಿದರು.

ಇಲ್ಲಿಯವರೆಗೆ ನಾವೆಲ್ಲ ನಕ್ಕೆವು. ಅಣ್ಣನೂ ನಕ್ಕರು.

ಮಳೆಗಾಲದ ಮೊದಲಿಗೆ ಒಬ್ಬ ಏಜೆಂಟ್ ಬಂದ. ಅವನಿಗೆ ವಿಡಿಯೋ ಬೇಡ, ಆಟೋ ಬೇಕಿತ್ತು. ವಿದೇಶದಲ್ಲಿ ಕೆಲಸ, ಗೋಡೌನ್ ಕಾವಲು, ಅಡುಗೆ ಸಹಾಯ, ಭಾಷೆ ಬೇಡ, ಅನುಭವ ಬೇಡ, ಊಟ ವಸತಿ ಉಚಿತ. ದೇಶ ಮೇಲಿನೋರದು. ಅಣ್ಣ ಒಂದು ದಿನ ಪೂರ್ತಿ ಸಿರುಗುಪ್ಪ, ಕುರುಗೋಡು, ಮೋಕ ಸುತ್ತಿ ಅದನ್ನು ಹೇಳಿದರು. ಬಳ್ಳಾರಿಯ ಒಂದು ಲಾಡ್ಜಿನಲ್ಲಿ ಹುಡುಗರು ಸಾಲುಗಟ್ಟಿ ಹೆಸರು ಬರೆಸಿದರು. ಪಾಸ್‌ಪೋರ್ಟ್ ಇದ್ದವರಿಗೆ ಎರಡೇ ದಿನದಲ್ಲಿ ವಿಮಾನ ಎಂದಿದ್ದ ಏಜೆಂಟ್.

ಮರುದಿನ ಇನ್ನೊಬ್ಬ ಏಜೆಂಟ್ ಕರಪತ್ರ ಹಿಡಿದುಕೊಂಡು ಬಂದ. ಅದೇ ಕೆಲಸ, ಅದೇ ಉಚಿತ ಊಟ, ಅದೇ ಗೋಡೌನಿನ ಫೋಟೋ. ದೇಶ ಮಾತ್ರ ಕೆಳಗಿನೋರದು. ಕೊನೆಯಲ್ಲಿ, ಓಡಲು ಬರಬೇಕು, ಎದೆಯ ಅಳತೆ ಇಂತಿಷ್ಟಿರಬೇಕು ಎಂದಿತ್ತು. ಅಣ್ಣ ಆ ಕಾಗದವನ್ನು ಎರಡೆರಡು ಸಲ ಓದಿದರು.

‘ಗೋಡೌನ್ ಕಾಯಾಕ ಎದಿ ಅಳತಿ ಯಾಕ್ರಿ ಬೇಕು?’

‘ರೂಲ್ಸ್ ಅಣ್ಣಾ.’

‘ಇರಲಿ. ಗೋಡೌನ್ ಒಂದ, ದೇಶ ಎರಡು. ಅದು ಹೆಂಗ?’

ಏಜೆಂಟ್ ನಕ್ಕ. ‘ನೀವು ಹಂಗಂದ್ರ ಹೆಂಗಣ್ಣಾ? ದನಿ ಒಂದ, ದೇಶ ಎರಡು. ನೀವು ಮಾಡಿಲ್ಲೇನು?’

ಇದನ್ನು ನನಗೆ ಹೇಳಿದವನು ಮಾಬು. ಅಣ್ಣ ಆ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ಆಟೋ ಹತ್ತಿದರಂತೆ. ನೇರ ನನ್ನ ಸ್ಟುಡಿಯೋಕ್ಕೆ ಬಂದರು. ನನ್ನಿಂದ ಎರಡೂ ಕಡೆಗೆ ಫೋನ್ ಮಾಡಿಸಿದರು. ಕೆಳಗಿನೋರ ಹೆಂಗಸು, ‘ಅದು ನಮ್ಮ ವಿಭಾಗವಲ್ಲ, ನಮ್ಮದು ಸಂಸ್ಕೃತಿ ಮಾತ್ರ’ ಎಂದಳು. ಮೇಲಿನೋರ ಮನುಷ್ಯ ಇಂಗ್ಲಿಷಿನಲ್ಲಿ ಹೇಳಿದ್ದೂ ಅದನ್ನೇ. ಕಾವಲು ಎಂದರೆ ಏನನ್ನು ಕಾಯುವುದು ಎಂದು ಕೇಳಿದ್ದಕ್ಕೆ ಇಬ್ಬರೂ ಫೋನ್ ಇಟ್ಟರು.

‘ಬಂದೂಕ ಕಾಯೋದಿರಬೇಕು’ ಎಂದರು ಅಣ್ಣ. ಕೂತಲ್ಲೇ ಟವೆಲಿನಿಂದ ಮುಖ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಅವರು ಯಾರ ಬಾಡಿಗೆಯೂ ಇಲ್ಲದೆ ಆಟೋ ತೆಗೆಸಿದರು. ನಾನೂ ಜೊತೆಗೆ ಹೋದೆ. ಕುರುಗೋಡಿನಲ್ಲಿ ಮೈಕ್ ಹಿಡಿದು, ‘ಮಹಾಜನರೇ, ಮೊನ್ನೆ ನಾನು ಹೇಳಿದ ವಿದೇಶದ ಕೆಲಸದ ಮಾತು ಸುಳ್ಳು. ನಿಮ್ಮ ಮಕ್ಕಳನ್ನು ಕಳಿಸಬೇಡಿರಿ. ಅಲ್ಲಿ ಯುದ್ಧ ನಡೆದಿದೆ’ ಎಂದು ಓಣಿ ಓಣಿ ಕೂಗಿದರು. ಬಾಯಿ ಅವರದೇ, ಮಾತೂ ಅವರದೇ. ನನಗೆ ತಿಳಿದಂತೆ ಜೀವಮಾನದಲ್ಲಿ ಅದೇ ಮೊದಲು.

ಒಬ್ಬರೂ ನಂಬಲಿಲ್ಲ.

‘ಮೊನ್ನಿ ಮೇಲಿನೋರದು ಹೇಳಿದ, ಇವತ್ತು ಕೆಳಗಿನೋರು ಕೊಟ್ಟಾರ’ ಎಂದು ಚಹದಂಗಡಿಯವನು ಗಿರಾಕಿಗಳಿಗೆ ತಿಳಿಸಿ ಹೇಳಿದ.

‘ಇಲ್ಲಪಾ, ಇದು ನಾನ ಹೇಳಾಕ ಹತ್ತೀನಿ’ ಎಂದು ಅಣ್ಣ ಮೈಕಿನಲ್ಲೇ ಹೇಳಿದರು.

‘ಚಲೋ ಬರದಾರ’ ಎಂದು ಮೆಚ್ಚಿಕೊಂಡರು ಹಿರಿಯರು. ಒಬ್ಬ ಹುಡುಗ, ಅಣ್ಣಾ ಸಂಜಿ ಮೇಲಿನೋರು ಏನಂತಾರ ಕೇಳಿ ಹೇಳು, ಆಮ್ಯಾಲ ವಿಚಾರ ಮಾಡತೀವಿ ಎಂದ.

ಅಣ್ಣ ಮೈಕ್ ಆರಿಸಿದರು. ಆಟೋ ಇಳಿದು ನಡೆಯತೊಡಗಿದರು. ಹೆಸರು ಬರೆಸಿದ ಹುಡುಗರ ಮನೆಗಳನ್ನು ಕೇಳಿ ಕೇಳಿ, ಒಂದೊಂದು ಕಟ್ಟೆಯ ಮೇಲೂ ಕೂತು, ತಮ್ಮ ಆ ಸಣ್ಣ ದನಿಯಲ್ಲಿ ತಾಯಂದಿರಿಗೆ ಹೇಳಿದರು. ತೊದಲುತ್ತಿದ್ದರು, ಅರ್ಧ ಮಾತಿಗೆ ನಿಲ್ಲಿಸಿ ಉಗುಳು ನುಂಗುತ್ತಿದ್ದರು. ಇವರೇ ಮೈಕಿನವರೆಂದು ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ. ಬಹುಶಃ ಅದಕ್ಕೇ ನಂಬಿದರು. ಬಿಸಿಲಿನಲ್ಲಿ ಬಂದ ಯಾರೋ ಬಡವ ಸುಳ್ಳು ಯಾಕೆ ಹೇಳುತ್ತಾನೆ? ಒಂದೊಂದೇ ಮನೆಯಲ್ಲಿ ಹುಡುಗರ ಬ್ಯಾಗುಗಳು ಮತ್ತೆ ಅಟ್ಟಕ್ಕೆ ಹೋದವು.

ಹಂಪಮ್ಮ ಎಂಬಾಕೆಯ ಮನೆಗೆ ಹೋಗುವಷ್ಟರಲ್ಲಿ ಆಕೆಯ ಮಗ ಬಸವರಾಜ ಹೊರಟುಹೋಗಿದ್ದ. ಪೊಲೀಸ್ ಕೆಲಸಕ್ಕೆ ಓಡಿ ಓಡಿ ಸಿಗದೆ ಬೇಸತ್ತಿದ್ದ ಹುಡುಗ. ಮುಂಜಾನೆಯೇ ಹೈದರಾಬಾದಿನ ಬಸ್ಸು ಹತ್ತಿದ್ದ, ಅಲ್ಲಿಂದ ವಿಮಾನ. ಹಂಪಮ್ಮ ಅಣ್ಣನ ಮಾತು ಕೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ತಾನೇ ಫೋನ್ ಹಚ್ಚಿ ಅಣ್ಣನ ಕೈಗೆ ಕೊಟ್ಟಳು.

‘ಬಸವರಾಜಾ, ನಾನಪಾ, ಮೈಕಿನ ಅಣ್ಣ. ಹೋಗಬ್ಯಾಡ...’

ಆ ಕಡೆಯಿಂದ ಹುಡುಗ ಏನೋ ಅಂದ. ಅಣ್ಣ ಫೋನ್ ಕೆಳಗಿಳಿಸಿ ನನ್ನನ್ನು ನೋಡಿದರು. ‘ಯಾರ್ರಿ ನೀವು, ಅಣ್ಣನ ದನಿ ನನಗ ಗೊತ್ತಿಲ್ಲೇನು ಅಂತಾನ ತಮ್ಮಾ.’

ಆಗ ಅವರು ಓಡಿದರು. ಆ ವಯಸ್ಸಿನಲ್ಲಿ, ಪಂಚೆ ಎತ್ತಿ ಕಟ್ಟಿ, ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಆಟೋದವರೆಗೆ. ಹಿಂದೆ ಹಂಪಮ್ಮ, ಆಕೆಯ ಹಿಂದೆ ನಾನು. ಮಾಬುವಿನಿಂದ ಮತ್ತೆ ಫೋನ್ ಹಚ್ಚಿಸಿ, ಅವನನ್ನು ಆಟೋದ ಮೇಲೆ ಹತ್ತಿಸಿ, ಹಾರ್ನಿನ ಬಾಯಿಗೆ ಫೋನ್ ಹಿಡಿ ಎಂದರು. ಮೈಕ್ ಹಚ್ಚಿದರು.

‘ಬಸವರಾಜಾ! ನಾನು ಹೌದೋ ಅಲ್ಲೋ?’

ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡಿತು. ಮಾಬು ಮೇಲಿನಿಂದ ಫೋನನ್ನು ಕಿವಿಗಿಟ್ಟುಕೊಂಡು ಕೂಗಿದ: ‘ಹೌದು ಅಂತಾನ!’

‘ತಿರುಗಿ ಬಾ. ಅದು ಕಾವಲಲ್ಲ, ಯುದ್ಧ.’

‘ಇದನ್ನ ಯಾರು ಹೇಳಿಸ್ಯಾರ ಅಂತ ಕೇಳ್ತಾನ!’ ಎಂದ ಮಾಬು.

ಅಣ್ಣ ಮೈಕನ್ನು ನೋಡಿ, ಪಕ್ಕದಲ್ಲಿ ನಿಂತಿದ್ದ ಹಂಪಮ್ಮನ ಕೈಗೆ ಕೊಟ್ಟುಬಿಟ್ಟರು.

ಹಂಪಮ್ಮ ಮೈಕನ್ನು ಎಂದೂ ಹಿಡಿದವಳಲ್ಲ. ಸೌಟು ಹಿಡಿದಂತೆ ಹಿಡಿದಳು.

‘ಲೇ ಬಸ್ಯಾ! ಮನ್ಯಾಗ ಇಲಿ ಕಂಡ್ರ ಮಂಚ ಏರ್ತಿ, ನೀನು ಯಾವ ದೇಶದ ಗೋಡೌನ್ ಕಾಯಾಕ ಹೊಂಟೀಯಲೇ? ಎಮ್ಮಿ ಕಾಯಂದ್ರ ಗಿಡದ ಬುಡಕ್ಕ ಮಲಗತಿ, ಎಮ್ಮಿ ಮಂದಿ ಹೊಲ ಮೇಯ್ದು ಬರತೈತಿ! ಬೈಸಿಕೊಳ್ಳಾಕಿ ನಾನು!’

ಬಸ್ ಸ್ಟ್ಯಾಂಡು ನಗತೊಡಗಿತು. ಬಳ್ಳಾರಿಗೆ ಹೊರಟಿದ್ದ ಬಸ್ಸಿನ ಕಂಡಕ್ಟರು ಸೀಟಿ ಊದುವುದನ್ನು ನಿಲ್ಲಿಸಿ ಬಾಗಿಲಲ್ಲಿ ನಿಂತ. ಡ್ರೈವರು ಇಂಜಿನ್ ಆರಿಸಿದ.

‘ನಗಾಕ ಹತ್ಯಾರ ನೋಡು, ಊರ ಮಂದಿ ನಗಾಕ ಹತ್ಯಾರ. ಅವರಿಬ್ಬರು ಹೊಡದಾಡ್ಲಿ, ಬಡದಾಡ್ಲಿ. ನಾನು ಹಡದದ್ದು ಅವರಿಗಲ್ಲ. ಕೇಳ್ತೈತಿಲ್ಲೋ? ಅವರಿಗೆ ಹಡದಿಲ್ಲ ನಾನು!’

ಅಲ್ಲಿಗೆ ಆಕೆಯ ದನಿ ಒಡೆಯಿತು. ಹಾರ್ನಿನಲ್ಲಿ ಆಕೆಯ ಉಸಿರಷ್ಟೇ ಕೇಳುತ್ತಿತ್ತು. ನಗು ನಿಂತುಹೋಯಿತು. ಎಲ್ಲರೂ ಆಟೋದ ಮೇಲಿದ್ದ ಮಾಬುವನ್ನೇ ನೋಡುತ್ತಿದ್ದರು.

‘ಅಳಾಕ ಹತ್ಯಾನ’ ಎಂದ ಮಾಬು.

‘ತಿರುಗಿ ಬರೋ ಬಸ್ಸು ಹತ್ತೀನಿ ಅನ್ನಂತ ಹೇಳು!’ ಎಂದಳು ಹಂಪಮ್ಮ.

ಮಾಬು ಕಿವಿಗೆ ಫೋನ್ ಒತ್ತಿ ಹಿಡಿದ. ಆಮೇಲೆ ಎರಡೂ ಕೈ ಎತ್ತಿದ. ‘ಹತ್ತೀನಿ ಅಂತಾನ!’

ಕಂಡಕ್ಟರು ಉದ್ದಕ್ಕೆ ಸೀಟಿ ಊದಿದ. ಚಹದಂಗಡಿಯವನು ಹಂಪಮ್ಮನಿಗೂ ಅಣ್ಣನಿಗೂ ಚಹ ತಂದುಕೊಟ್ಟ.

ಬಸವರಾಜ ಬಂದ. ಈಗ ಕುರುಗೋಡಿನಲ್ಲೇ ಮೊಬೈಲ್ ರಿಪೇರಿ ಮಾಡುತ್ತಾನೆ. ಇಲಿಯ ವಿಷಯ ಎತ್ತಿದರೆ ಮಾತ್ರ ಸಿಟ್ಟಾಗುತ್ತಾನೆ. ಎಲ್ಲರೂ ಬರಲಿಲ್ಲ. ಮೋಕದ ಕಡೆಯ ಒಬ್ಬ ಹುಡುಗನ ವಿಮಾನ ಅಷ್ಟರಲ್ಲಿ ಹಾರಿತ್ತು. ಅವನು ಅಲ್ಲಿ ಏನನ್ನು ಕಾಯುತ್ತಿದ್ದಾನೋ ಅವನ ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಏನೇ ಪ್ರಚಾರವಿದ್ದರೂ ಅಣ್ಣ ಆ ಓಣಿ ಬಂದರೆ ಮೈಕ್ ಆರಿಸಿ, ಇಳಿದು, ಆ ಮನೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಏನು ಮಾತಾಡುತ್ತೀರಿ ಎಂದು ಕೇಳಿದ್ದೆ. ‘ಏನಿಲ್ಲ, ಸುಮ್ನ ಕುಂದರತೀನಿ’ ಎಂದಿದ್ದರು.

ಏಜೆಂಟರು ಲಾಡ್ಜ್ ಖಾಲಿ ಮಾಡಿ ಮಾಯವಾದರು. ಬೆಂಗಳೂರಿನ ಕಂಪನಿ, ಅಣ್ಣ ಕೆಳಗಿನೋರಿಗೆ ಮಾರಿಕೊಂಡಿದ್ದಾರೆಂದು ಕೆಲಸ ನಿಲ್ಲಿಸಿತು. ಹೈದರಾಬಾದಿನವರು, ಮೇಲಿನೋರಿಗೆ ಮಾರಿಕೊಂಡಿದ್ದಾರೆಂದು ನಿಲ್ಲಿಸಿದರು. ಅಣ್ಣ ನೀರಿನ ನಳಕ್ಕೆ, ಜೀನ್ಸ್ ಪ್ಯಾಂಟಿಗೆ ವಾಪಸಾದರು. ಒಂದೆರಡು ವರ್ಷದಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಮನೆ ಹಿಡಿದರು. ಯುದ್ಧ ಅವರಿಗಿಂತ ಹೆಚ್ಚು ದಿನ ಬದುಕಿತು.

ಅವರು ಹೋಗಿ ವಾರ ಕಳೆದಿರಲಿಲ್ಲ, ಬೆಂಗಳೂರಿನ ಕಂಪನಿ ಫೋನ್ ಮಾಡಿತು. ಮತ್ತೆ ಆ ದನಿ ಬೇಕಂತೆ. ತೀರಿಕೊಂಡರು ಎಂದೆ. ‘ಅಯ್ಯೋ, ಛೆ. ಹಳೆಯ ರೆಕಾರ್ಡಿಂಗ್ ಇದ್ದರೆ ಕೊಡಿ ಸಾಕು. ಈಗ ಕಂಪ್ಯೂಟರು ಅದೇ ದನಿಯಲ್ಲಿ ಏನು ಬೇಕಾದರೂ ಮಾತಾಡುತ್ತೆ’ ಎಂದರು. ಹೈದರಾಬಾದಿನವರೂ ಮರುದಿನವೇ ಫೋನ್ ಮಾಡಿ ಅದನ್ನೇ ಕೇಳಿದರು. ಇಬ್ಬರಿಗೂ ಅಕ್ಕನನ್ನು ಕೇಳಿ ಹೇಳುತ್ತೇನೆಂದೆ.

ಲ್ಯಾಪ್‌ಟಾಪ್ ತೆಗೆದುಕೊಂಡು ಸಿರುಗುಪ್ಪಕ್ಕೆ ಹೋದೆ. ಅಕ್ಕ ಒಳ್ಳು ಕಲ್ಲಿನ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ವಿಷಯ ಹೇಳಿದೆ. ಒಂದೊಂದೇ ರೆಕಾರ್ಡಿಂಗ್ ಹಾಕಿದೆ. ಮೇಲಿನೋರದು, ಕೆಳಗಿನೋರದು. ಆ ಗುಡುಗು ಮನೆಯನ್ನೆಲ್ಲ ತುಂಬಿತು. ಅಕ್ಕ ತಲೆ ಎತ್ತದೆ ಸುಲಿಯುತ್ತಲೇ ಇದ್ದರು.

‘ಈ ದನಿ ಯಾರಿಗರ ಕೊಡು, ಬಿಡು, ನನಗೇನು ತಮ್ಮಾ? ಇದು ನಮ್ಮ ಮನ್ಯಾಗ ಯಾವತ್ತೂ ಇರಲಿಲ್ಲ’ ಎಂದರು.

ಆಗ ಒಂದು ಫೈಲಿನ ಕೊನೆಯಲ್ಲಿ, ನಾನು ಕತ್ತರಿಸದೆ ಬಿಟ್ಟಿದ್ದ ತುಣುಕು ಓಡಿತು. ಸಣ್ಣ ದನಿ ಕೇಳಿಸಿತು. ‘ತಮ್ಮಾ, ನಮ್ಮ ಮನಿಯಾಕಿ ಫೋನ್ ಮಾಡಿದ್ರ ರೆಕಾರ್ಡಿಂಗ್ ನಡದೈತಿ ಅನ್ನು. ಒಂದೀಟು ಮಲಕ್ಕೋತೀನಿ. ಮನ್ಯಾಗ ಮಲಗಾಕ ಬಿಡಂಗಿಲ್ಲ ಆಕಿ, ಅಕ್ಕಿ ತಾ, ಬ್ಯಾಳಿ ತಾ ಅಂತಾಳ.’ ಚಾಪೆ ಎಳೆದ ಸದ್ದು. ಆಮೇಲೆ ಗೊರಕೆ.

ಅಕ್ಕನ ಕೈ ನಿಂತಿತು.

‘ಕಳ್ಳ!’ ಎಂದರು. ‘ಆವತ್ತು ನಾನು ಫೋನ್ ಮಾಡಿದ್ನಿ. ನೀನೂ ಹಂಗ ಅಂದಿ, ರೆಕಾರ್ಡಿಂಗ್ ನಡದೈತಿ ಅಕ್ಕಾ ಅಂತ!’

ಬೆಳ್ಳುಳ್ಳಿಯ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು, ಬೆಳ್ಳುಳ್ಳಿಯ ಖಾರಕ್ಕೆ ಕಣ್ಣು ಇನ್ನಷ್ಟು ಉರಿದು ಎಲ್ಲವೂ ಒಂದೇ ಆಯಿತು. ಆ ತುಣುಕನ್ನು ಮತ್ತೆ ಹಾಕಿಸಿದರು. ಆಮೇಲೆ ತಮ್ಮ ಸಣ್ಣ ಮೊಬೈಲನ್ನು ನನ್ನ ಮುಂದೆ ಇಟ್ಟರು.

‘ಇದನ್ನ ಇದರಾಗ ಹಾಕಿಕೊಡು. ಇದನ್ನ ಮಾತ್ರ ಆ ಎರಡು ದೇಶದೋರಿಗೂ ಕೊಡಬ್ಯಾಡ.’

ಹಾಕಿಕೊಟ್ಟೆ. ದೊಡ್ಡ ದನಿಯನ್ನೆಲ್ಲ ಅಳಿಸಿ, ಡಿಸ್ಕ್ ಕೆಟ್ಟಿದೆ ಎಂದು ಇಬ್ಬರಿಗೂ ಒಂದೇ ಉತ್ತರ ಕಳಿಸಿದೆ. ನಾನು ಚಪ್ಪಲಿ ಮೆಟ್ಟಿ ಹೊರಡುವಾಗ ಅಕ್ಕ ಮತ್ತೆ ಬೆಳ್ಳುಳ್ಳಿ ಸುಲಿಯತೊಡಗಿದ್ದರು. ಪಕ್ಕದಲ್ಲಿ ಮೊಬೈಲು ಗೊರಕೆ ಹೊಡೆಯುತ್ತಿತ್ತು. ‘ಏಳ್ರಿ, ಸಾಕು, ಸಂಜಿ ಆತು’ ಎಂದು ಅವರು ಅದಕ್ಕೆ ಹೇಳುವುದು ನನಗೆ ಕೇಳಿಸಿತು.